ಹೆಬ್ಬೆರಳಿನ ಶಿಲುಬೆ

ಮಸ್ಕತ್ತಿನ ಅಲ್ ಖುವೈರ್ ಹೈವೇಯಲ್ಲಿ ಸಂಜೆಯ ಟ್ರಾಫಿಕ್ಕಿಗೆ ಸಿಕ್ಕಿಬಿದ್ದು ನಾನು ಪ್ರೀತಿಯ ಮಾತುಗಳನ್ನು ಕಲಿತೆ. ಸ್ಟೀರಿಂಗಿನ ಪಕ್ಕದಲ್ಲಿ ಸಿಕ್ಕಿಸಿದ ಫೋನು, ಅದರೊಳಗೆ ಇಟಲಿಯ ಯಾರೋ ಗಂಡಸಿನ ಧ್ವನಿ. ಅವನು 'ತಿ ವೊಲ್ಯೊ ಬೆನೆ' ಅನ್ನುತ್ತಿದ್ದ, ನಾನೂ 'ತಿ ವೊಲ್ಯೊ ಬೆನೆ' ಅನ್ನುತ್ತಿದ್ದೆ. ನಾನು ಹೇಳಿದ್ದು ಅವನಿಗೆ ಹಿಡಿಸದಿದ್ದರೆ ಟೊಂಯ್ ಅಂತ ಒಂದು ಸದ್ದು. ಒಮ್ಮೆ ಪಕ್ಕದ ಕಾರಿನ ಒಮಾನಿ ಮುದುಕ ನನ್ನ ಬಾಯಿ ಆಡುವುದನ್ನೇ ನೋಡುತ್ತಿದ್ದು, ಸಿಗ್ನಲ್ ಬಿಟ್ಟಾಗ ಕೈ ಬೀಸಿ ಹೋದ. ಜಪ ಮಾಡುತ್ತಿದ್ದೇನೆ ಎಂದುಕೊಂಡನೋ ಏನೋ. ಐವತ್ತು ದಾಟಿದ ಹೆಂಗಸು, ಮೂವತ್ತು ವರ್ಷ ಈ ಊರಿನ ಆಫೀಸುಗಳಲ್ಲಿ ವೀಸಾದ ಕಾಗದ ನೋಡಿಕೊಂಡು ಕೂತವಳು, ಹೊಸದಾಗಿ ಪ್ರೀತಿ ಕಲಿಯಲು ಹೊರಟಿದ್ದೇಕೆಂದರೆ, ಒಂದೇ ಮಾತಿನಲ್ಲಿ, ಹೊಟ್ಟೆಕಿಚ್ಚು.

ನನ್ನ ಮಗಳು ಮಸ್ಕತ್ತಿನಲ್ಲೇ ಹುಟ್ಟಿ ಬೆಳೆದವಳು. ಕೊಂಕಣಿಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ, ಕನ್ನಡದಲ್ಲಿ ಬೈದರೂ ಇಂಗ್ಲಿಷಿನಲ್ಲೇ ಉತ್ತರ; ಇಲ್ಲಿ ಅವಳ ಮಾತನ್ನೆಲ್ಲ ಕನ್ನಡ ಮಾಡಿ ಹೇಳುತ್ತಿರುವುದು ನಾನು. ಓದಲೆಂದು ಇಟಲಿಗೆ ಹೋದವಳು ಅಲ್ಲೇ ಕೆಲಸ ಹಿಡಿದಳು, ಅಲ್ಲೇ ಒಬ್ಬ ಹುಡುಗನನ್ನೂ ಮೆಚ್ಚಿಕೊಂಡಳು. ನಾವು ಬೇಡ ಅನ್ನಲಿಲ್ಲ. ಹುಡುಗ ಒಳ್ಳೆಯವನು, ಇಗರ್ಜಿಗೆ ಹೋಗುವವನು, ತಂದೆಯಿಲ್ಲ, ತಾಯಿಯೊಬ್ಬಳೇ. ಇಷ್ಟೆಲ್ಲ ಇಂಗ್ಲಿಷ್ ಆಡುವ ಮಗಳು ಮಾತು ಬಂದಂದಿನಿಂದ ತಪ್ಪದೆ ಕೊಂಕಣಿಯಲ್ಲೇ ಹೇಳುತ್ತಿದ್ದ ಮಾತು ಒಂದಿತ್ತು: 'ಬೆಸಾಂವ್ ದಿ ಮಮ್ಮಿ, ಬೆಸಾಂವ್ ದಿ ಡ್ಯಾಡಿ.'

ಬೆಸಾಂವ್ ಅಂದರೆ ಆಶೀರ್ವಾದ. ನಮ್ಮ ಮನೆಗಳಲ್ಲಿ ಸಂಜೆ ಜಪಮಾಲೆಯ ಪ್ರಾರ್ಥನೆ ಇರುತ್ತದೆ, ಅದನ್ನು ತೇರ್ಸು ಅನ್ನುತ್ತೇವೆ. ತೇರ್ಸು ಮುಗಿದ ಮೇಲೆ ಚಿಕ್ಕವರು ಹಿರಿಯರ ಮುಂದೆ ಹೋಗಿ ಕೈ ಜೋಡಿಸಿ, ತಲೆ ತಗ್ಗಿಸಿ ಬೆಸಾಂವ್ ಕೇಳಬೇಕು. ಹಿರಿಯರು ಹೆಬ್ಬೆರಳಿನಿಂದ ಹಣೆಯ ಮೇಲೆ ಒಂದು ಸಣ್ಣ ಶಿಲುಬೆ ಎಳೆದು 'ದೇವ್ ಬರೆಂ ಕರುಂ' ಅನ್ನುತ್ತಾರೆ. ದೇವರು ಒಳ್ಳೆಯದು ಮಾಡಲಿ, ಅಷ್ಟೇ. ಅಪ್ಪಿಕೊಳ್ಳುವುದು, ಮುದ್ದಿಡುವುದು, ಐ ಲವ್ ಯೂ ಅನ್ನುವುದು ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ನನ್ನ ಅಪ್ಪ ನನ್ನನ್ನು ಮುಟ್ಟುತ್ತಿದ್ದದ್ದು ದಿನಕ್ಕೆ ಒಂದು ಸಲ, ಆ ಹೆಬ್ಬೆರಳಿನಷ್ಟು ಜಾಗದಲ್ಲಿ. ಅದು ನನಗೆ ಸಾಕಾಗಿತ್ತು.

ಮಗಳು ಇಟಲಿಗೆ ಹೋದ ಮೇಲೆ ಇದು ಫೋನಿನಲ್ಲಿ ನಡೆಯಿತು. ಇಲ್ಲಿ ನಮ್ಮ ತೇರ್ಸು ಮುಗಿಯುವ ಹೊತ್ತಿಗೆ ಅಲ್ಲಿ ಅವಳ ಕೆಲಸ ಮುಗಿದಿರುತ್ತದೆ. ವಿಡಿಯೋ ಕಾಲ್ ಮಾಡುತ್ತಾಳೆ, ಊಟ ಬಟ್ಟೆ ಚಳಿ ಎಲ್ಲ ಮಾತಾಡಿ, ಕೊನೆಗೆ ಫೋನನ್ನು ಎಲ್ಲಿಗಾದರೂ ಒರಗಿಸಿ ಕೈ ಜೋಡಿಸುತ್ತಾಳೆ. ಮೊದಲು ನಾನು ಪರದೆಯ ಮೇಲೆ, ಅವಳ ಹಣೆ ಇರುವಲ್ಲಿ, ಶಿಲುಬೆ ಎಳೆಯುತ್ತೇನೆ. ಆಮೇಲೆ ನನ್ನ ಗಂಡ. ಅವರದ್ದು ಕಡಲತೀರದ ಸುವೈಕ್ ಊರಿನಲ್ಲಿ ಮೀನಿನ ಕೋಲ್ಡ್ ಸ್ಟೋರ್ ನೋಡಿಕೊಳ್ಳುವ ಕೆಲಸ, ದಿನಾ ಬೆಳಿಗ್ಗೆ ಹೋಗಿ ಸಂಜೆ ಬರುತ್ತಾರೆ. ಹೆಬ್ಬೆರಳೂ ಕೆಲಸಕ್ಕೆ ತಕ್ಕ ಹಾಗೆ ದಪ್ಪ. ಹಣೆಯಿಂದ ಶುರುವಾದ ಅವರ ನೇರ ಗೆರೆ ಮಗಳ ಗಲ್ಲ ದಾಟಿ, ಕೆಳಗಿನ ಕೆಂಪು ಗುಂಡಿಯವರೆಗೂ ಬಂದು ಕಾಲ್ ಕಟ್ಟಾಗುತ್ತದೆ. ಅಡ್ಡಗೆರೆ ಎಳೆಯುವ ಮೊದಲೇ ಮಗಳು ಮಾಯ. ಅವರು ಬಿಡುವವರಲ್ಲ, ಕಪ್ಪಾದ ಗಾಜಿನ ಮೇಲೆ ಅಡ್ಡಗೆರೆಯನ್ನೂ ಎಳೆದು ಮುಗಿಸುತ್ತಾರೆ. ಮೊದಮೊದಲು ನಾನು ಬೈದೆ. ಮಗಳಿಗೆ ಅದೇ ಇಷ್ಟವಾಯಿತು. 'ಡ್ಯಾಡಿ ಕಟ್ ಮಾಡಿದ್ರೇನೇ ಬೆಸಾಂವ್ ಸಿಕ್ಕಿದ ಹಾಗೆ' ಅಂದಳು. ಹಾಗೆ ಅದೇ ನಮ್ಮ ಪದ್ಧತಿಯಾಯಿತು.

ಮದುವೆಯ ಮಾತು ಬಂದ ಮೇಲೆ ಮಗಳು ಹುಡುಗನ ಊರಿಗೆ, ಅವನ ತಾಯಿಯ ಮನೆಯ ಹತ್ತಿರದ ಒಂದು ಬಾಡಿಗೆ ಕೋಣೆಗೆ ಹೋದಳು. ಸಂಜೆಯ ಊಟ ಆ ತಾಯಿಯ ಅಡುಗೆಮನೆಯಲ್ಲಿ. ನಮಗೆ ಫೋನ್ ಬರುವುದೂ ಅಲ್ಲಿಂದಲೇ. ಪರದೆಯ ಮೂಲೆಯಲ್ಲಿ ಒಲೆ, ಒಲೆಯ ಮುಂದೆ ಬಿಳಿ ಕೂದಲಿನ ದಪ್ಪ ಹೆಂಗಸು, ಕೈಯಲ್ಲಿ ಸೌಟು. ನಡುನಡುವೆ ಬಂದು ಇಣುಕಿ 'ಚಾವ್ ಅಮೋರೆ' ಅನ್ನುತ್ತಾಳೆ, ನಮಸ್ಕಾರ ಪ್ರೀತಿಯವಳೇ ಅಂತ. ನನ್ನ ಮಗಳ ಕೆನ್ನೆ ಹಿಂಡುತ್ತಾಳೆ, ನೆತ್ತಿಗೆ ಮುತ್ತಿಡುತ್ತಾಳೆ, 'ತೆಸೋರೊ' ಅನ್ನುತ್ತಾಳೆ. ತೆಸೋರೊ ಅಂದರೆ ನಿಧಿಯಂತೆ. ನಾನು ಹೆತ್ತು ಸಾಕಿ ಕಳಿಸಿದ ನಿಧಿ, ಹೊಗಳುವ ಸುಖ ಆಕೆಗೆ.

ಸ್ವಲ್ಪ ದಿನಕ್ಕೆ ಕಾಲ್ ಮುಗಿಯುವ ರೀತಿ ಬದಲಾಯಿತು. ಮಗಳು ಕೈ ಜೋಡಿಸುವುದು ನಿಂತಿತು. 'ಉನ್ ಬಾಚೊ ಮಮ್ಮಿ, ತಿ ವೊಲ್ಯೊ ಬೆನೆ' ಅಂತ ಬೆರಳಿಗೆ ಮುತ್ತು ಕೊಟ್ಟು ಪರದೆಯ ಕಡೆ ಊದಿ, ಅವಳೇ ಫೋನ್ ಇಟ್ಟುಬಿಡುತ್ತಿದ್ದಳು. ಮೊದಲ ದಿನ ಮರೆತಿದ್ದಾಳೆ ಅಂದುಕೊಂಡೆ. ಎರಡನೆಯ ದಿನ ಅವಸರ ಅಂದುಕೊಂಡೆ. ವಾರ ಕಳೆಯಿತು, ತಿಂಗಳಾಯಿತು, ಅದು ಮತ್ತೆ ಬರಲೇ ಇಲ್ಲ. ನನ್ನ ಗಂಡ ಎತ್ತಿದ ಹೆಬ್ಬೆರಳನ್ನು ಹಾಗೇ ಇಳಿಸಿ ಮೂಗು ತುರಿಸಿಕೊಳ್ಳುತ್ತಿದ್ದರು.

ಆಗಿನಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೊಳಗೆ ಸುತ್ತಿದೆ. ಕಿಟಕಿಯ ಪರದೆ ಬಿಚ್ಚಿ ಒಗೆದೆ, ಒಗೆದು ಹಾಕಿದ ಮೇಲೆ ಬಣ್ಣ ಸರಿಯಿಲ್ಲವೆಂದು ರೂವಿಯ ಬಜಾರಿಗೆ ಹೋಗಿ ಹೊಸದು ತಂದೆ, ತಂದ ಮೇಲೆ ಹಳೆಯದೇ ಚೆನ್ನಾಗಿತ್ತು ಅನ್ನಿಸಿತು. ಆಫೀಸಿನಲ್ಲಿ ಒಂದೇ ಪಾಸ್‌ಪೋರ್ಟನ್ನು ಮತ್ತೆ ಮತ್ತೆ ಕಾಪಿ ಮಾಡಿದೆ.

'ನೀನೇ ಕೇಳ್ಬಾರ್ದಾ ಅವಳ ಹತ್ರ?' ಅಂದರು ಗಂಡ.

'ಎಂತ ಕೇಳುವುದು? ಬೆಸಾಂವ್ ಕೇಳು, ಕೊಡ್ತೇನೆ ಅಂತವಾ? ಹಾಗೆ ಕೇಳಿ ಕೇಳಿಸ್ಕೊಳ್ಳುವುದಾದ್ರೆ ಅದು ಬೆಸಾಂವ್ ಅಲ್ಲ, ಆಫೀಸಿನ ಸಹಿ.'

'ಹಾಗಾದ್ರೆ ಸುಮ್ಮನಿರು ಮಾರಾಯ್ತಿ. ಪರದೆ ಆದ್ರೂ ಉಳೀಲಿ.'

ಸುಮ್ಮನಿರುವ ಜಾತಿ ನನ್ನದಲ್ಲ. ಮಗಳು ಕೈ ಜೋಡಿಸುವುದನ್ನು ಬಿಟ್ಟು ಮಾತನ್ನು ಹಿಡಿದುಕೊಂಡಿದ್ದಾಳೆ, ಮಾತು ಹೆಚ್ಚಿರುವವರ ಕಡೆ ವಾಲಿದ್ದಾಳೆ, ಸರಿ, ನಾನೂ ಆ ಮಾತು ಕಲಿತೇ ಬಿಡುತ್ತೇನೆ ಅಂದುಕೊಂಡು ಫೋನಿಗೆ ಇಟೆಲಿಯನ್ ಪಾಠ ಇಳಿಸಿಕೊಂಡೆ. ಕಲಿಯುತ್ತ ಕಲಿಯುತ್ತ ಸಿಟ್ಟು ಹೆಚ್ಚಿತು. ಅವರಲ್ಲಿ ಪ್ರೀತಿಗೆ ಒಂದಲ್ಲ, ಬೇರೆ ಬೇರೆ ಮಾತು. 'ತಿ ಆಮೋ' ಎಂಬುದು ಗಂಡ ಹೆಂಡಿರಿಗೆ, ಪ್ರೇಮಿಗಳಿಗೆ. 'ತಿ ವೊಲ್ಯೊ ಬೆನೆ' ಮಕ್ಕಳಿಗೆ, ತಾಯಿಗೆ, ಗೆಳತಿಗೆ. ಇನ್ನು 'ಅಮೋರೆ', 'ತೆಸೋರೊ', 'ಕಾರಾ' ಇವೆಲ್ಲ ಊಟದ ಮೇಜಿನ ಉಪ್ಪಿನ ಹಾಗೆ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಒಮಾನಿನಲ್ಲಿ ಮೂವತ್ತು ವರ್ಷ ಇದ್ದವಳಿಗೆ ಇದು ಹೊಸತೇನಲ್ಲ. ಇಲ್ಲಿ ಪೆಟ್ರೋಲ್ ಹಾಕುವವನೂ 'ಹಬೀಬ್ತಿ', ಅಂದರೆ ನನ್ನ ಪ್ರೀತಿಯವಳೇ, ಅನ್ನುತ್ತಾನೆ, ಯಾರೂ ನಾಚುವುದಿಲ್ಲ. ಆದರೆ ಹಬೀಬ್ತಿ ಅಂದವರು ಯಾರೂ ನನ್ನ ಮಗಳ ನೆತ್ತಿಗೆ ಮುತ್ತಿಟ್ಟಿರಲಿಲ್ಲ.

ಒಂದು ಶುಕ್ರವಾರ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಗಂಡನ ಹತ್ತಿರ ನಿಂತು 'ತಿ ಆಮೋ' ಅಂದೆ. ಅವರು ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ನನ್ನನ್ನು ನೋಡಿದರು.

'ಎಂತ ಆಯ್ತು? ಜ್ವರ ಉಂಟಾ?'

ಅರ್ಥ ಹೇಳಿದೆ. ಅವರ ಕಿವಿ ಕೆಂಪಾಯಿತು. ಅಂಗಿಯ ತೋಳನ್ನು ಎರಡು ಸಲ ಇಸ್ತ್ರಿ ಮಾಡಿದರು. ಆಮೇಲೆ, 'ಮಗಳು ಹೇಳುವುದು ಬೇರೆ ಏನೋ ಅಲ್ವಾ?' ಅಂದರು. ಅದರ ಅರ್ಥವನ್ನೂ ಹೇಳಿದೆ: ನಿನಗೆ ಒಳ್ಳೆಯದಾಗಲಿ ಅಂತ ನನ್ನ ಆಸೆ. 'ಹಾಗಾದ್ರೆ ನಾವು ದಿನಾ ಹೇಳ್ತಿದ್ದದ್ದು ಎಂತ? ದೇವ್ ಬರೆಂ ಕರುಂ ಅಂದ್ರೆ ಅದೇ ಅಲ್ವಾ?' ಅಂದರು. ನನಗೆ ಸಿಟ್ಟು ಬಂತು. ಒಂದೇ ಅರ್ಥವಾದರೆ ನಮ್ಮದನ್ನು ಏಕೆ ಬಿಟ್ಟಳು ಅಂದೆ.

ನಮ್ಮ ಕಟ್ಟಡದ ಕೆಳಗೆ ಕಿರಾಣಿ ಅಂಗಡಿಯಿದೆ, ನಡೆಸುವವರು ಬಂಟ್ವಾಳದ ಕಡೆಯ ಬ್ಯಾರಿ ಸಾಹೇಬರು. ಕೊತ್ತಂಬರಿ ಸೊಪ್ಪು ಆರಿಸುತ್ತ ನಾನು ಗೊಣಗುವುದನ್ನು ಕೇಳಿ, 'ಎಂತ ಬಾಯಮ್ಮ, ಒಬ್ರೇ ಮಾತಾಡ್ತಿದ್ದೀರಿ? ಬಿಸ್ಲು ಮಂಡೆಗೆ ಹೊಡೀತಾ?' ಅಂದರು.

'ಬೀಗಿತ್ತಿ ಬರ್ತಾರೆ ಸಾಹೇಬ್ರೆ, ಇಟಲಿಯಿಂದ. ಭಾಷೆ ಕಲೀತಿದ್ದೇನೆ.'

'ಅಯ್ಯೊ, ಬೀಗಿತ್ತಿಗೆ ಭಾಷೆ ಎಂತಕ್ಕೆ? ಒಳ್ಳೆ ಅಂಜಲ್ ಮೀನು ಹುರ್ದು ಹಾಕಿ. ಖಲಾಸ್.'

ಹೌದು, ಮದುವೆಯ ದಿನ ಗೊತ್ತುಮಾಡಲು ಮೂವರೂ ಬರುವವರಿದ್ದರು: ಮಗಳು, ಹುಡುಗ, ಅವನ ತಾಯಿ. ನನಗೆ ದಿನ ಗಿನ ಯಾವುದೂ ತಲೆಯಲ್ಲಿರಲಿಲ್ಲ. ಮಗಳು ನನ್ನ ಎದುರಿಗೇ ಬಂದು ನಿಂತರೆ, ಸಂಜೆ ತೇರ್ಸು ಮುಗಿದ ಮೇಲೆ, ಕೇಳದೆ ಇರುತ್ತಾಳೆಯೇ? ಅದೊಂದೇ ನನ್ನ ಲೆಕ್ಕಾಚಾರ. ಜೊತೆಗೆ, ಏರ್‌ಪೋರ್ಟಿನಲ್ಲೇ ಅವಳನ್ನು ಅಪ್ಪಿಕೊಂಡು 'ತಿ ವೊಲ್ಯೊ ಬೆನೆ' ಅಂದು ಎಲ್ಲರ ಬಾಯಿ ಮುಚ್ಚಿಸುವುದೆಂದು ತೀರ್ಮಾನಿಸಿದ್ದೆ.

ಏರ್‌ಪೋರ್ಟಿನಲ್ಲಿ ಗಾಜಿನ ಬಾಗಿಲು ತೆರೆಯಿತು, ಮಗಳು ಗಾಡಿ ತಳ್ಳಿಕೊಂಡು ಬಂದಳು. ಸಣ್ಣಗಾಗಿದ್ದಳು. ಕೂದಲು ಒಣಗಿ ಜೊಂಡಿನ ಹಾಗೆ ಆಗಿತ್ತು. ತಯಾರು ಮಾಡಿಟ್ಟಿದ್ದ ಇಟಲಿಯ ಮಾತು ಬಿಟ್ಟು, ಬಾಯಿಂದ ಬಂದದ್ದು ಬೇರೆ.

'ಎಂತ ಇದು ನಿನ್ನ ಕೂದ್ಲು! ಎಣ್ಣೆ ಹಾಕ್ಲಿಕ್ಕಿಲ್ವಾ ಅಲ್ಲಿ? ಊಟ ಮಾಡ್ತೀಯಾ ಇಲ್ವಾ ನೀನು? ಕೊಡು ಬ್ಯಾಗು, ಎಳೀಲಿಕ್ಕೆ ಗೊತ್ತಿಲ್ಲ ನಿಂಗೆ.' ಅಷ್ಟು ಹೇಳಿ ಬ್ಯಾಗು ಕಿತ್ತುಕೊಂಡು ಮುಂದೆ ನಡೆದೆ. ಕಣ್ಣು ಒರೆಸಿಕೊಳ್ಳಬೇಕಿತ್ತು, ಅದಕ್ಕೆ ಬ್ಯಾಗಿನ ನೆಪ ಬೇಕಿತ್ತು. ಹಿಂದಿನಿಂದ ಬಂದ ಆ ತಾಯಿ ನನ್ನನ್ನು ನಿಲ್ಲಿಸಿ ಎರಡೂ ಕೆನ್ನೆಗೆ ಮುತ್ತಿಟ್ಟಳು. ಯಾವ ಕೆನ್ನೆ ಮೊದಲು ಕೊಡಬೇಕೆಂದು ಗೊತ್ತಾಗದೆ ನನ್ನ ಕನ್ನಡಕ ಆಕೆಯ ಮೂಗಿಗೆ ತಾಗಿತು. ಗಂಡ ನಾಲ್ಕು ಹೆಜ್ಜೆ ಹಿಂದೆ ಸರಿದು, ಅಲ್ಲಿಂದಲೇ ಕೈಮುಗಿದು ಬಚಾವಾದರು.

ಒಂದು ವಾರ ಅವರು ನಮ್ಮ ಮನೆಯಲ್ಲಿದ್ದರು. ಆಕೆ ಒಳ್ಳೆಯ ಹೆಂಗಸು, ಅದನ್ನು ಅಲ್ಲಗಳೆಯುವುದಿಲ್ಲ. ಒಂದು ಕ್ಷಣ ಕೂರುವವಳಲ್ಲ. ಬೆಳ್ಳುಳ್ಳಿ ಸುಲಿಯುತ್ತಿದ್ದಳು, ಪಾತ್ರೆ ತೊಳೆಯುತ್ತಿದ್ದಳು, ಮಗನ ಜೊತೆ ಮನೆ ಹಾರಿಹೋಗುವಷ್ಟು ಜೋರಾಗಿ ಜಗಳವಾಡಿ, ಐದು ನಿಮಿಷಕ್ಕೆ ಅವನ ತಲೆ ಹಿಡಿದು ಮುತ್ತಿಡುತ್ತಿದ್ದಳು. ನನ್ನನ್ನು ಅಮೋರೆ ಅಂದಳು. ಕೆಳಗಿನ ಅಂಗಡಿಯ ಸಾಹೇಬರನ್ನು ಅಮೋರೆ ಅಂದಳು. ಅವರು ಅರ್ಥ ಕೇಳಿ ತಿಳಿದು, ಆಮೇಲೆ ಆಕೆ ಅಂಗಡಿಗೆ ಬಂದರೆ ಗೋದಾಮಿಗೆ ಹೋಗಿಬಿಡುತ್ತಿದ್ದರು. ಕಸದ ಡಬ್ಬಿಯ ಮೇಲೆ ಕೂರುವ ಬೆಕ್ಕನ್ನೂ ಅಮೋರೆ ಅಂದಳು. ಇಷ್ಟು ಜನಕ್ಕೆ ಹಂಚಿದ ಮೇಲೆ ನನ್ನ ಮಗಳಿಗೆ ಉಳಿಯುವುದೆಷ್ಟು ಎಂದು ನನ್ನ ಹೊಟ್ಟೆ ಉರಿಯಿತು.

ಅವರು ಬಂದ ಮೊದಲ ಸಂಜೆ. ತೇರ್ಸಿಗೆ ಎಲ್ಲರೂ ಕೂತರು. ಆಕೆಯೂ ತನ್ನ ಜಪಮಾಲೆ ಹಿಡಿದು ತನ್ನ ಭಾಷೆಯಲ್ಲಿ ಪಿಸುಗುಟ್ಟಿದಳು. ಮುಗಿಯಿತು. ನಾನು ಎದ್ದೇಳದೆ, ಕ್ಯಾಂಡಲ್ ಸರಿಮಾಡುವ ನೆಪದಲ್ಲಿ ಕಾದೆ. ಮಗಳು ಶಿಲುಬೆಯ ಗುರುತು ಮಾಡಿ ಎದ್ದಳು, ಒಂದು ಕ್ಷಣ ನನ್ನ ಕಡೆ ನೋಡಿದಳು, ಆ ತಾಯಿಯ ಕಡೆ ನೋಡಿದಳು, ಬಗ್ಗಿ ನನ್ನ ಕೆನ್ನೆಗೆ ಮುತ್ತಿಟ್ಟು ಅಡುಗೆಮನೆಗೆ ಹೋದಳು. ಮರುದಿನವೂ ಹಾಗೇ. ಅದರ ಮರುದಿನ ನಾನು ಕ್ಯಾಂಡಲ್ಲನ್ನೇ ಆರಿಸಿಬಿಟ್ಟೆ. ಆ ಮುತ್ತು ಬೇಡವಾಗಿತ್ತು ಅಂತಲ್ಲ. ಮುತ್ತಿನಲ್ಲಿ ಅವಳು ಬಗ್ಗುತ್ತಿದ್ದಳು, ನಾನು ಸುಮ್ಮನೆ ಕೆನ್ನೆ ಕೊಟ್ಟು ಕೂರಬೇಕಾಗಿತ್ತು. ನನ್ನ ಕೈಗೆ ಕೆಲಸವೇ ಇರಲಿಲ್ಲ.

ಕೈಗೆ ಕೆಲಸವಿಲ್ಲದವಳು ಬಾಯಿಗೆ ಕೆಲಸ ಕೊಟ್ಟೆ. ಖಾಲಿ ಹೊಟ್ಟೆಗೆ ಕಾಫಿ ಕುಡಿದರೆ ಬೈದೆ, ಒದ್ದೆ ಕೂದಲಲ್ಲಿ ಎಸಿಯ ಕೆಳಗೆ ಕೂತರೆ ಬೈದೆ, ಮೀನಿನ ಮುಳ್ಳು ಸರಿಯಾಗಿ ಬಿಡಿಸದಿದ್ದರೂ ಬೈದೆ. ಮಗಳು ನಕ್ಕು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಆ ತಾಯಿ ಮಾತ್ರ ಸೌಟು ಹಿಡಿದು ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಒಂದು ದಿನ ಗಂಡನನ್ನು ಬಾಲ್ಕನಿಗೆ ಕರೆದು ತನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಅವರು ಒಳಗೆ ಬಂದು ನನಗೆ ಹೇಳಿದರು: 'ನಿನ್ಗೆ ಈ ಮದುವೆ ಇಷ್ಟ ಇಲ್ವಾ ಅಂತ ಕೇಳ್ತಾರೆ.'

'ನಾನು ಎಂತ ಮಾಡಿದೆ ಅವ್ರಿಗೆ? ನಾಲ್ಕು ಪದ ಇಟೆಲಿಯನ್ ಕಲ್ತದ್ದು ಯಾರಿಗಾಗಿ?'

'ಕಲ್ತದ್ದು ಸರಿ. ಒಂದಾದ್ರೂ ಹೇಳಿದ್ದೀಯಾ?'

ಹೇಳಿರಲಿಲ್ಲ. ಟ್ರಾಫಿಕ್ಕಿನಲ್ಲಿ ಅಷ್ಟು ಚೆನ್ನಾಗಿ ಬರುತ್ತಿದ್ದದ್ದು ಮನುಷ್ಯರ ಮುಖ ಕಂಡರೆ ಬರುತ್ತಿರಲಿಲ್ಲ.

ಅವರು ಹೊರಡುವ ಹಿಂದಿನ ದಿನ ಗಂಡ ಎಲ್ಲರನ್ನೂ ಸುವೈಕಿಗೆ ಕರೆದುಕೊಂಡು ಹೋದರು. ಮೀನಿನ ಮಾರುಕಟ್ಟೆ ತೋರಿಸಲು ಹುಡುಗನನ್ನೂ ಅವನ ತಾಯಿಯನ್ನೂ ಅವರು ಒಳಗೆ ಕರೆದೊಯ್ದಾಗ, ನಾನೂ ಮಗಳೂ ಸಮುದ್ರದ ಬದಿ ನಿಲ್ಲಿಸಿದ ಕಾರಿನ ನೆರಳಲ್ಲಿ ಉಳಿದೆವು. ಗಾಳಿಗೆ ಅವಳ ಕೂದಲು ಹಾರುತ್ತಿತ್ತು. ಹಿಂದಿನ ಸಂಜೆ ನಾನೇ ಹಿಡಿದು ಎಣ್ಣೆ ಹಾಕಿದ್ದೆ. ಏನೋ ಬೇರೆ ಮಾತಾಡಬೇಕೆಂದು ಹೊರಟು, ತಡೆಯಲಾಗದೆ ಕೇಳಿಬಿಟ್ಟೆ.

'ನೀನು ಬೆಸಾಂವ್ ಕೇಳುವುದು ಬಿಟ್ಟೆ. ಯಾಕೆ?'

ಮಗಳು ತಟ್ಟನೆ ನನ್ನ ಕಡೆ ತಿರುಗಿದಳು. 'ನೀವು ಅದನ್ನ ನೋಟಿಸ್ ಮಾಡಿದ್ರಾ?'

'ನೋಟಿಸ್ ಮಾಡುವುದಾ! ಬೇರೆ ಎಂತ ಮಾಡಿದೆ ನಾನು ಇಷ್ಟು ದಿನ?'

ಆಗ ಅವಳು ಹೇಳಿದಳು. ಆ ಅಡುಗೆಮನೆಯಿಂದ ದಿನಾ ಅವಳು ಕೈ ಜೋಡಿಸಿ, ತಲೆ ತಗ್ಗಿಸಿ ಏನೋ ಬೇಡುವುದನ್ನು ಆ ತಾಯಿ ಒಲೆಯ ಹತ್ತಿರ ನಿಂತು ನೋಡುತ್ತಿದ್ದಳಂತೆ. ಭಾಷೆ ತಿಳಿಯದು. ನನ್ನ ಮುಖದಲ್ಲಿ ನಗುವಿಲ್ಲ. ಬೆಸಾಂವ್ ಕೊಡುವಾಗ ಯಾರಾದರೂ ಹಲ್ಲು ಕಿರಿಯುತ್ತಾರೆಯೇ? ಆಮೇಲೆ ಒಂದು ದೊಡ್ಡ ಹೆಬ್ಬೆರಳು ಬಂದು ಕಾಲ್ ಕಟ್ ಮಾಡುತ್ತದೆ. ದಿನಾ. ಒಂದು ದಿನ ಆಕೆ ಸೌಟು ಕೆಳಗಿಟ್ಟು ಅತ್ತುಬಿಟ್ಟಳಂತೆ: ನನ್ನ ಮಗನನ್ನು ಮದುವೆಯಾಗುವುದಕ್ಕೆ ಈ ಹುಡುಗಿ ಪ್ರತಿ ಸಂಜೆ ಅಪ್ಪ ಅಮ್ಮನ ಹತ್ತಿರ ಕ್ಷಮೆ ಬೇಡುತ್ತಾಳೆ, ಅವರು ಪ್ರತಿ ಸಂಜೆ ಅವಳ ಮುಖದ ಮೇಲೆ ಬಾಗಿಲು ಹಾಕುತ್ತಾರೆ.

'ನೀನು ಹೇಳ್ಬೇಕಿತ್ತು, ಅದು ಹಾಗಲ್ಲ ಅಂತ!'

'ಹೇಳಿದೆ ಮಮ್ಮಿ. ಅವ್ರು ನಂಬ್ಲೇ ಇಲ್ಲ. ನಿಮ್ಮ ಮರ್ಯಾದೆ ಉಳಿಸ್ಲಿಕ್ಕೆ ಸುಳ್ಳು ಹೇಳ್ತಿದ್ದೇನೆ ಅಂದ್ಕೊಂಡ್ರು. ಅವ್ರ ಎದುರು ಬೇಡ ಅಂತ ಬಿಟ್ಟೆ. ನಿಮ್ಗೆ ಇಟೆಲಿಯನ್‌ನಲ್ಲಿ ಹೇಳಿದ್ರೆ ಅವ್ರಿಗೂ ಖುಷಿ, ನಿಮ್ಗೂ ಸಾಕು ಅಂದ್ಕೊಂಡೆ.' ಹಾರುವ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, 'ಆಮೇಲೆ ಬಿಟ್ಟೇ ಹೋಯ್ತು. ಈಗ ಕೇಳ್ಲಿಕ್ಕೆ ಒಂಥರಾ ನಾಚಿಕೆ ಆಗ್ತದೆ' ಅಂದಳು.

ಮೊದಲು ಸಿಟ್ಟು ಬಂತು. ಮಗಳ ಮುಖದ ಮೇಲೆ ಬಾಗಿಲು ಹಾಕುವವರೇ ನಾವು? ಆಮೇಲೆ ಗಂಡನ ಹೆಬ್ಬೆರಳು ನೆನಪಾಗಿ ನಗು ಬಂತು, ನಗು ಅರ್ಧಕ್ಕೆ ಅಳುವಾಯಿತು. ಮಗಳ ನಾಚಿಕೆಗೆ ನನ್ನಲ್ಲಿ ಮದ್ದಿರಲಿಲ್ಲ. ಬಿಟ್ಟುಹೋದದ್ದನ್ನು ಮತ್ತೆ ಕೇಳುವ ನಾಚಿಕೆ ನನಗೂ ಗೊತ್ತು. ಅಷ್ಟರಲ್ಲಿ ಆ ತಾಯಿ ಎರಡೂ ಕೈಯಲ್ಲಿ ಮೀನಿನ ಚೀಲ ಹಿಡಿದು ಗೆದ್ದವಳ ಹಾಗೆ ಬಂದಳು. ನನ್ನ ಕೆಂಪು ಕಣ್ಣು ಕಂಡದ್ದೇ ಆಕೆಯ ಮುಖ ಇಳಿಯಿತು.

ಸಂಜೆ ತೇರ್ಸಿಗೆ ಕೂತೆವು. ಪ್ರಾರ್ಥನೆಯ ಮಾತು ಬಾಯಿಗೆ ಅಭ್ಯಾಸ, ಅದು ತಾನಾಗಿ ಹರಿಯುತ್ತಿತ್ತು. ತಲೆಯಲ್ಲಿ ಉಡುಪಿ ಕಡೆಯ ನನ್ನ ತವರಿನ ಚಾವಡಿ ಬಂತು. ಅಲ್ಲಿ ತೇರ್ಸು ಮುಗಿದರೆ ಯಾರು ಯಾರಿಗೆ ಬೆಸಾಂವ್ ಕೊಡುವುದೆಂಬ ಪ್ರಶ್ನೆಯೇ ಇರಲಿಲ್ಲ. ಆ ಹೊತ್ತಿಗೆ ಮನೆಯಲ್ಲಿ ಇರುವವರಲ್ಲಿ ಯಾರು ಎಲ್ಲರಿಗಿಂತ ಹಿರಿಯರೋ ಅವರ ಹತ್ತಿರ ಎಲ್ಲರೂ ಹೋಗಬೇಕು. ಬಂದ ನೆಂಟರಾದರೂ ಸರಿ, ಬೆಳಿಗ್ಗೆ ಜಗಳವಾಡಿದ ದೊಡ್ಡಮ್ಮನಾದರೂ ಸರಿ. ನನ್ನ ಅಪ್ಪ, ತಮ್ಮೊಡನೆ ಮಾತು ಬಿಟ್ಟಿದ್ದ ಅಕ್ಕನ ಮುಂದೆಯೂ ಕೈ ಜೋಡಿಸುತ್ತಿದ್ದರು. ಈ ದೇಶಕ್ಕೆ ಬಂದ ಮೇಲೆ ನಮ್ಮ ಮನೆಯಲ್ಲಿ ನಮಗಿಂತ ಹಿರಿಯರು ಯಾರೂ ಇರಲಿಲ್ಲ. ಕೊಟ್ಟೇ ಅಭ್ಯಾಸ ನಮಗೆ, ಕೇಳುವುದು ಮರೆತೇಹೋಗಿತ್ತು. ಎಪ್ಪತ್ತು ದಾಟಿದ ಹೆಂಗಸು ಒಂದು ವಾರದಿಂದ ನನ್ನ ಎದುರಿನ ಸೋಫಾದಲ್ಲಿ ಕೂತಿದ್ದಾಳೆ, ನಾನು ಮಗಳ ಕಡೆ ನೋಡುತ್ತ ಕಾಯುತ್ತಿದ್ದೇನೆ.

ಕೊನೆಯ ಪ್ರಾರ್ಥನೆ ಮುಗಿಯಿತು. ನಾನು ಎದ್ದು ಆಕೆಯ ಮುಂದೆ ಹೋದೆ. ಮೊಣಕಾಲು ನೋಯುತ್ತಿತ್ತು, ಆದರೂ ಮಂಡಿಯೂರಿದೆ. ಕೈ ಜೋಡಿಸಿ ತಲೆ ತಗ್ಗಿಸಿ, 'ಬೆಸಾಂವ್ ದಿಯಾ' ಅಂದೆ.

ಆಕೆ ಹೆದರಿದಳು. 'ನೋ ನೋ, ಅಮೋರೆ, ನೋ' ಅನ್ನುತ್ತ ನನ್ನ ತೋಳು ಹಿಡಿದು ಎಬ್ಬಿಸಲು ನೋಡಿದಳು. ಈಗ ನಾನು ಕ್ಷಮೆ ಕೇಳುತ್ತಿದ್ದೇನೆಂದು ಆಕೆಗೆ ಅನಿಸಿರಬೇಕು. ನಾನು ಏಳಲಿಲ್ಲ. ಮಗಳು ಗಡಬಡಿಸಿ ಇಟಲಿಯ ಭಾಷೆಯಲ್ಲಿ ಏನೇನೋ ಹೇಳಿದಳು. ನನ್ನ ಗಂಡ, ಯಾವತ್ತೂ ಹೆಂಗಸರಿಂದ ನಾಲ್ಕು ಹೆಜ್ಜೆ ದೂರ ನಿಲ್ಲುವವರು, ಹತ್ತಿರ ಬಂದು ತಮ್ಮ ಹೆಬ್ಬೆರಳಿನಿಂದ ತಮ್ಮ ಹಣೆಯ ಮೇಲೇ ಶಿಲುಬೆ ಎಳೆದು ಆಕೆಗೆ ತೋರಿಸಿದರು. ಮತ್ತೊಮ್ಮೆ ತೋರಿಸಿದರು, ಗೆರೆ ಎಲ್ಲಿ ನಿಲ್ಲಬೇಕೆಂದು ಸಮೇತ. ಆಕೆ ಅವರ ಹೆಬ್ಬೆರಳನ್ನೇ ನೋಡಿದಳು. ಅದು ಯಾವ ಹೆಬ್ಬೆರಳೆಂದು ಆಕೆಗೆ ಗುರುತು ಹತ್ತಿತು.

ಆಮೇಲೆ ನನ್ನ ಹಣೆಯ ಮೇಲೆ ಒರಟಾದ, ಬೆಳ್ಳುಳ್ಳಿ ವಾಸನೆಯ ಬೆರಳೊಂದು ಮೆಲ್ಲಗೆ ಕೆಳಗಿಳಿಯಿತು, ಅಡ್ಡಕ್ಕೆ ಹೋಯಿತು. ಅಪ್ಪ ತೀರಿಕೊಂಡ ಮೇಲೆ ಆ ಜಾಗವನ್ನು ಯಾರೂ ಮುಟ್ಟಿರಲಿಲ್ಲ. ಕಸದ ಡಬ್ಬಿಯ ಬೆಕ್ಕಿಗೂ ಅಮೋರೆ ಅಂದ ಬಾಯಿಂದ ಒಂದು ಮಾತೂ ಬರಲಿಲ್ಲ. ತಲೆಯೆತ್ತಿ ನೋಡಿದರೆ ಆಕೆ ತುಟಿ ಕಚ್ಚಿ ಹಿಡಿದು ಅಳುತ್ತಿದ್ದಳು. ಮಗಳು ಓಡಿಬಂದು ನಮ್ಮಿಬ್ಬರನ್ನೂ ಸೇರಿಸಿ ಅಪ್ಪಿಕೊಂಡಳು.

ಆದರೆ ಅವಳು ಬೆಸಾಂವ್ ಕೇಳಲಿಲ್ಲ. ಆ ಸಂಜೆ ಕೇಳಲಿಲ್ಲ, ಮರುದಿನ ಬೆಳಿಗ್ಗೆ ಬ್ಯಾಗಿನ ತೂಕ ನೋಡುವ ಗಡಿಬಿಡಿಯಲ್ಲೂ ಕೇಳಲಿಲ್ಲ. ಏರ್‌ಪೋರ್ಟಿನಲ್ಲಿ 'ಬರ್ತೇನೆ ಮಮ್ಮಿ' ಅಂದಳು. ನಾನು 'ತಲೆಗೆ ಎಣ್ಣೆ ಹಾಕು' ಅಂದೆ. ಅದನ್ನು ಅವಳು ಆ ತಾಯಿಗೆ ತಿಳಿಸಿ ಹೇಳಿದಾಗ ಆಕೆ ಜೋರಾಗಿ ನಕ್ಕು, ನನ್ನ ಕೈ ಹಿಡಿದು 'ಎಣ್ಣೆ, ಎಣ್ಣೆ' ಅಂದಳು. ಗಾಜಿನ ಬಾಗಿಲು ಮುಚ್ಚಿತು.

ಮರುದಿನ ಆಫೀಸಿನಿಂದ ಬೇಗ ಬಂದೆ. ಪರದೆಗಳನ್ನು ಒಮ್ಮೆ ಎಳೆದೆ, ಒಮ್ಮೆ ಸರಿಸಿದೆ. 'ಎಂತ ಕಳ್ಕೊಂಡವಳ ಹಾಗೆ ತಿರುಗ್ತೀ? ಕೂತ್ಕೋ' ಅಂದರು ಗಂಡ. ತೇರ್ಸನ್ನು ನಾನು ಎಷ್ಟು ಅವಸರದಲ್ಲಿ ಓಡಿಸಿದೆನೆಂದರೆ ಅವರು ಒಂದು ಮಣಿ ಹಿಂದೆಯೇ ಉಳಿದರು. ಮುಗಿದ ಮೇಲೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟೆ. ಬರಲಿಲ್ಲ. ಡಬ್ಬಿ ಬದಲಾಯಿಸಿದೆ. ನಾನೇ ಮಾಡಲೇ ಅಂದುಕೊಂಡು ಕೈ ಚಾಚಿದಾಗ ಬಂತು.

ಅದೇ ಅಡುಗೆಮನೆ. ಮಗಳು ವಿಮಾನ, ಚಳಿ, ಊಟ ಎಲ್ಲ ಹೇಳಿದಳು. ನಾನು ಹೂಂ ಹೂಂ ಅಂದೆ, ಏನೂ ಕಿವಿಗೆ ಹೋಗಲಿಲ್ಲ. ಮಾತು ಮುಗಿಯುತ್ತ ಬಂತು. ಬೆರಳು ತುಟಿಯ ಹತ್ತಿರ ಹೋಯಿತು, ಇನ್ನೇನು ಊದುತ್ತಾಳೆ. ಅಷ್ಟರಲ್ಲಿ ಹಿಂದಿನಿಂದ ಸೌಟು ಹಿಡಿದ ಕೈಯೊಂದು ಬಂದು ಅವಳ ಭುಜಕ್ಕೆ ತಿವಿಯಿತು. ಮಗಳು ನಾಚಿ ನಕ್ಕಳು. ಫೋನನ್ನು ಒರಗಿಸಿಟ್ಟಳು. ಕೈ ಜೋಡಿಸಿದಳು.

'ಬೆಸಾಂವ್ ದಿ ಮಮ್ಮಿ. ಬೆಸಾಂವ್ ದಿ ಡ್ಯಾಡಿ.'

ನಾನು ಗೆರೆ ಎಳೆದೆ. ದೇವ್ ಬರೆಂ ಕರುಂ ಅಂದೆ. ಅದರ ಹಿಂದೆಯೇ, ಟ್ರಾಫಿಕ್ಕಿನಲ್ಲಿ ಕಲಿತದ್ದೂ ತಾನಾಗಿ ಬಂತು: ತಿ ವೊ-ಲ್ಯೊ ಬೆನೆ. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಗಂಡನ ಹೆಬ್ಬೆರಳು ಎದ್ದಿತ್ತು, ಕಾಲ್ ಕಟ್ಟಾಗದಿರಲಿ ಎಂದು ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮಗಳು ಪಕ್ಕಕ್ಕೆ ಸರಿದು ಆ ತಾಯಿಗೆ ಕುರ್ಚಿ ಬಿಟ್ಟುಕೊಟ್ಟಿದ್ದಳು. ಆಕೆ ಏಪ್ರನ್ನಿಗೆ ಕೈ ಒರೆಸಿಕೊಂಡು ಕೂತು, ಕೂದಲು ಸರಿಮಾಡಿಕೊಂಡು, ನನ್ನನ್ನೇ ನೋಡುತ್ತ ಕಾದಳು.

ನನ್ನ ಸರದಿ. ನಾನು ಕೈ ಜೋಡಿಸಿ ತಲೆ ತಗ್ಗಿಸಿದೆ. ಓರೆಗಣ್ಣಿನಿಂದ ನೋಡಿದೆ: ಒಂದು ಹೆಬ್ಬೆರಳು ಹತ್ತಿರ ಬಂತು, ದೊಡ್ಡದಾಯಿತು, ಒಲೆಯನ್ನೂ ಮಗಳನ್ನೂ ಮುಚ್ಚಿ ಮೇಲಿನಿಂದ ಕೆಳಗೆ ಇಳಿಯಿತು. ಕಾಲ್ ಕಟ್ಟಾಯಿತು.

'ಮುಗೀತಾ?' ಅಂದರು ಗಂಡ.

'ಇರಿ' ಅಂದೆ. ಅಲ್ಲಿ ಆಕೆ ಕಪ್ಪಾದ ಗಾಜಿನ ಮೇಲೆ ಅಡ್ಡಗೆರೆ ಎಳೆಯುತ್ತಿರಬೇಕು. ಅದು ಮುಗಿಯುವವರೆಗೆ ನಾನು ತಲೆ ತಗ್ಗಿಸಿಯೇ ಕೂತಿದ್ದೆ.